ಮೊದಲ ಅಕ್ಷರ

ಟಕ್ ಅಂತ ಒಂದೇ ಸದ್ದು, ಆಮೇಲೆ ಮೌನ — ಅಂದರೆ ವರಲಕ್ಷ್ಮಿಯ ಕೆಲಸ ಆಯಿತು, ನನ್ನ ಹೆಂಡತಿ ಒಂದು ಕೀಲಿ ಒತ್ತಿ ಕೈ ಎತ್ತುತ್ತಾಳೆ, ಗೋಡೆ ಬದಿಯಲ್ಲಿ ಕೂತ ನಾನು ಅಂಥದೇ ಕೆಲಸಕ್ಕೆ ಇನ್ನೂ ಸಾಲುಗಟ್ಟಲೆ ಕುಟ್ಟುತ್ತಿರುತ್ತೇನೆ, ಇಡೀ ಕಂಪ್ಯೂಟರ್ ಸೆಕ್ಷನ್ನಿಗೆ ಕೇಳಲಿ ಅಂತಲೇ ಕುಟ್ಟುತ್ತೇನೆ, ಉರಿಗಾಂನ ಈ ಗಣಿ ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಪೆಟ್ಟಿಗೆ ಬಿಚ್ಚಿದವನು ನಾನು, ಕೋದಂಡಪ್ಪ, ಬೇತಮಂಗಲದ ರಾಗಿ ಹೊಲದಿಂದ ಬಂದು ಕೋಬಾಲ್ ಅನ್ನುವ ಕಂಪ್ಯೂಟರ್ ಭಾಷೆ ಕಲಿತವನು, ನಾಳೆ ಯಾರು ಯಾವ ಶಾಫ್ಟಿಗೆ, ಯಾವ ಗಣಿಬಾವಿಗೆ ಇಳಿಯಬೇಕು ಅಂತ ಪಾಳಿ ಪಟ್ಟಿ ಮಾಡುವ ಪ್ರೋಗ್ರಾಮು ಬರೆದವನು, ಟೈಪಿಸ್ಟಾಗಿ ಸೇರಿದ ಅವಳಿಗೆ ಕೀಲಿಮಣೆಯಾಚೆಗೆ ಏನಿದೆ ಅಂತ ತೋರಿಸಿದ್ದೂ ನಾನೇ, ಈಗ ಎಲ್ಲರ ಕುರ್ಚಿಯೂ ಅವಳ ಮೇಜಿನ ಕಡೆಗೇ ತಿರುಗಿರುತ್ತದೆ. ಅವಳ ಯಂತ್ರದ ಸ್ವಿಚ್ಚು ಹಾಕಿದರೆ ಸಾಕು, ನೀಲಿ ಪರದೆಯ ಮೇಲೆ ಅಚ್ಚುಕಟ್ಟಾದ ಮೆನು, ಮೂಲೆಯಲ್ಲೊಂದು ಪುಟ್ಟ ಗಡಿಯಾರ, ಯಾವ ಕೆಲಸದ ನಡುವೆ ಇದ್ದರೂ ಎರಡು ಕೀಲಿ ಜೊತೆಗೆ ಒತ್ತಿದರೆ ಅದರ ಮೇಲೇ ಕ್ಯಾಲ್ಕ್ಯುಲೇಟರು ತೆರೆದುಕೊಳ್ಳುತ್ತದೆ, ಆಗಲೇ ಟೈಪು ಮಾಡಿದ್ದು ಮೇಲ್ಬಾಣದ ಕೀಲಿ ಒತ್ತಿದರೆ ಮರಳಿ ಬರುತ್ತದೆ, ದಿನಾ ಮಾಡುವ ಉದ್ದುದ್ದ ಕೆಲಸಗಳನ್ನೆಲ್ಲ ಒಂದೊಂದು ಅಕ್ಷರಕ್ಕೆ ಕಟ್ಟಿಹಾಕಿದ್ದಾಳೆ, ಪಿ ಅಂದರೆ ಪ್ರಿಂಟು, ಬಿ ಅಂದರೆ ಫ್ಲಾಪಿಗೆ ನಕಲು — ಅವಳ ಒಗ್ಗರಣೆ ಡಬ್ಬಿಯ ಹಾಗೇ, ಕಣ್ಣು ಮುಚ್ಚಿ ಕೈ ಹಾಕಿದರೂ ಸಾಸಿವೆ ಸಾಸಿವೆಯ ಬಟ್ಟಲಲ್ಲೇ ಇರುತ್ತದೆ, ನನ್ನದೋ, ಕರೀ ಪರದೆ, ಒಂದು ಸಿ, ಮಿಣುಕುವ ಗೆರೆ, ಅಷ್ಟೇ, ಯಂತ್ರ ಬಂದ ದಿನ ಹೇಗಿತ್ತೋ ಹಾಗೆ, ನನಗೆ ಅಲಂಕಾರ ಬೇಡ, ಪ್ರೋಗ್ರಾಮರನಿಗೆ ತಲೆ ಇದ್ದರೆ ಸಾಕು.

ಡೇಟಾ ಎಂಟ್ರಿಯ ಅಮ್ಮಾಜಮ್ಮ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತಿದ್ದಾಳೆ, ಅಕ್ಕಾ ರೊಂಬ ಚೆನ್ನಾಗೈತೆ, ನಮ್ದುಕ್ಕೂ ಆಕ್ಕೊಡಿ ಅಕ್ಕಾ, ಅಂತಾಳೆ, ಅಯ್ಯೋ ಅದುಕ್ಕೇನಂತೆ ಆಕ್ಕೊಡ್ತೀನಿ ಇರಮ್ಮಿ ಅಂತಾಳೆ ನನ್ನವಳು, ಎಷ್ಟು ಸಲೀಸಾಗಿ ಕೊಡುತ್ತಾಳೆ, ಕೊಟ್ಟಷ್ಟೂ ಅವಳ ಹೆಸರು ದೊಡ್ಡದಾಗುತ್ತದೆ — ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲು ಹತ್ತುವಾಗ ಯಾರೋ ಒಬ್ಬ ಪಕ್ಕದವನಿಗೆ ನನ್ನ ಗುರುತು ಹೇಳಿದ, ಇವ್ರೇ ನೋಡಣ್ಣ, ಆ ಕಂಪ್ಯೂಟರಮ್ಮನ ಯಜಮಾನ್ರು — ಕಂಪ್ಯೂಟರಮ್ಮನ ಯಜಮಾನ, ನನ್ನ ಹೆಸರೇ ಇಲ್ಲ, ನಾನು ನಕ್ಕೆ, ಹಲ್ಲು ಕಚ್ಚಿಕೊಂಡೇ ನಕ್ಕೆ, ಅವಳು ಕಿಟಕಿ ಪಕ್ಕ ಕೂತು ಮಲ್ಲಿಗೆ ಸರಿಮಾಡಿಕೊಳ್ಳುತ್ತ ಕೇಳಿದಳು, ರೀ, ನಿಮ್ ಮಿಷನ್ನುಕ್ಕೂ ಒಂದೇ ಒಂದು ಸಾಲು ಆಕ್ತೀನಿ, ಯಾವ ಡೈರೆಕ್ಟರಿ ಒಳಗಿದ್ದೀರ, ಯಾವ ಫೈಲುಗಳ ಗೂಡು ಅಂತ ಪರದೆ ಮೇಲೇ ತೋರಿಸ್ತದೆ, ನಾನೆಲ್ಲಿದ್ದೀನಿ ಅಂತ ನಂಗೊತ್ತು, ಅಂದೆ, ಅವಳು ಆಚೆ ನೋಡಿದಳು, ಕಿಟಕಿಯಾಚೆ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡು ದಿಬ್ಬಗಳು ಬೆಳ್ಳಗೆ ಹೊಳೆಯುತ್ತಿದ್ದವು.

ಹಳೇ ಪಟ್ಟಿಗಳನ್ನು ಅಳಿಸಿ ಜಾಗ ಮಾಡಬೇಕು, ಇಲ್ಲದಿದ್ದರೆ ಇವತ್ತಿನದು ಹಿಡಿಸುವುದಿಲ್ಲ, ಡಿಲೀಟು, ನಕ್ಷತ್ರ, ಚುಕ್ಕೆ, ನಕ್ಷತ್ರ, ಅಂದರೆ ಇಲ್ಲಿರುವುದೆಲ್ಲ, ಖಾತ್ರಿಯೇ ಅಂತ ಕೇಳುತ್ತದೆ, ಖಾತ್ರಿ, ವೈ ಒತ್ತುತ್ತೇನೆ, ಅಲ್ಲಿಂದ ಅಮ್ಮಾಜಮ್ಮನ ನಗು, ಏನೋ ಹೊಸದು ತೋರಿಸಿರಬೇಕು, ತೋರಿಸಲಿ — ತಡಿ, ಹಳೇ ಪಟ್ಟಿಗಳ ಗೂಡಿಗೆ ಡೈರೆಕ್ಟರಿ ಬದಲಾಯಿಸಿದ್ದೆನೇ, ಬದಲಾಯಿಸಿದ್ದೆ, ಇಲ್ಲ, ಬದಲಾಯಿಸಬೇಕು ಅಂದುಕೊಳ್ಳುವಾಗ ಆ ನಗು ಕೇಳಿಸಿತು, ಪರದೆಯ ಮೇಲೆ ಬರೀ ಸಿ, ಎಲ್ಲಿದ್ದೇನೆ ಅಂತ ಅದು ಹೇಳುವುದಿಲ್ಲ, ಏನೇನಿದೆ ಅಂತ ಯಂತ್ರವನ್ನು ಕೇಳುತ್ತೇನೆ, ಏನೂ ಇಲ್ಲ, ಪ್ರೋಗ್ರಾಮಿಲ್ಲ, ಗಣಿಯವರ ಹೆಸರುಗಳಿಲ್ಲ, ನಕಲಿನ ಫ್ಲಾಪಿ ಹಾಕುತ್ತೇನೆ, ಕರ್ ಕರ್ ಅಂದು ಓದಲಾರೆ ಅನ್ನುತ್ತದೆ, ಸಂಜೆಯೊಳಗೆ ಶಾಫ್ಟುಗಳ ಬಾಗಿಲಲ್ಲಿ ಪಟ್ಟಿ ನೇತಾಡಬೇಕು, ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಜನ ತಲೆದೀಪ ಕಟ್ಟಿಕೊಂಡು ಬಂದು ಎಲ್ಲಿ ಇಳಿಯಬೇಕು ಅಂತ ತಿಳಿಯದೆ ನಿಂತಿರುತ್ತಾರೆ, ಒಬ್ಬಳು ಸರಿಮಾಡಬಲ್ಲಳು, ಅವಳೊಬ್ಬಳೇ, ಬೇರೆ ಯಾರಾದರೂ ಆಗಿದ್ದರೆ ಕಾಲು ಹಿಡಿಯುತ್ತಿದ್ದೆ.

ವರಲೂ, ಅಂತ ನನ್ನ ಬಾಯಿ ಕರೆಯಿತು, ಮನೆಯಲ್ಲಿ ಕರೆಯುವ ಹಾಗೆ, ಅಮ್ಮಾಜಮ್ಮ ತಿರುಗಿ ನೋಡಿದಳು, ವರಲಕ್ಷ್ಮಿ ಬಂದು ನನ್ನ ಮುಖ ನೋಡಿ, ಆಮೇಲೆ ಪರದೆ ನೋಡಿ, ಏನೂ ಒತ್‌ಬೇಡಿ, ಒಂದಕ್ಷರಾನೂ ಬರೀಬೇಡಿ, ಅಳ್ಸಿದ್ದು ಇನ್ನೂ ಒಳಗೇ ಐತೆ, ಅದರ ಮೇಲೆ ಬೇರೇದು ಬರದ್ರೆ ಓಯ್ತು, ಅಂತ ಮೆಲ್ಲಗೆ ಹೇಳಿ ತನ್ನ ಫ್ಲಾಪಿ ತಂದಳು, ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರಂತೆ, ನಾನು ಎದ್ದೆ, ನನ್ನ ಕುರ್ಚಿಯಲ್ಲಿ ಅವಳು ಕೂತಳು, ಯಾಕೆ ಹೀಗಾಯ್ತು ಅಂತ ಕೇಳಲಿಲ್ಲ, ನಾನು ಹೇಳಿರಲಿಲ್ಲವಾ ಅನ್ನಲಿಲ್ಲ, ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಪರದೆಯ ಮೇಲೆ ಫೈಲುಗಳ ಹೆಸರುಗಳು ಒಂದೊಂದಾಗಿ ಎದ್ದು ಬಂದವು, ತಲೆ ಹಾರಿದ ಹೆಸರುಗಳು, ಮೊದಲ ಅಕ್ಷರವಿದ್ದ ಕಡೆ ಒಂದು ಪ್ರಶ್ನೆ ಚಿಹ್ನೆ, ಅಳಿಸಿದಾಗ ಮೊದಲ್ನೇ ಅಕ್ಷರ ಓಗ್ಬಿಡ್ತದೆ, ಅದನ್ನ ನಾವು ಏಳ್ಬೇಕು, ಇದ್ಕೇನ್ರೀ? ಎಂ, ಅಂದೆ. ಇದ್ಕೆ? ಎಸ್. ಪ್ರಶ್ನೆ ಚಿಹ್ನೆ ಹೋಗಿ ಅಕ್ಷರ ಕೂರುತ್ತದೆ, ಫೈಲು ಬದುಕುತ್ತದೆ, ಮತ್ತೆ ಪ್ರಶ್ನೆ ಚಿಹ್ನೆ, ಇದ್ಕೆ? ಪಾಠ ಒಪ್ಪಿಸುವವನ ಹಾಗೆ ಅವಳ ಹಿಂದೆ ನಿಂತು ಅಕ್ಷರ ಹೇಳುತ್ತೇನೆ, ಅವಳ ಕತ್ತಿನ ಹಿಂದಿನ ಮಲ್ಲಿಗೆ ಬಾಡಿದೆ, ಆದರೂ ಘಮ್ಮೆನ್ನುತ್ತದೆ.

ಏನಮ್ಮ ಇಲ್ಲಿ, ಪಟ್ಟಿ ಎಲ್ಲಿ, ಅಂತ ಆಫೀಸರ್ ಮುನಿಸ್ವಾಮಪ್ಪನವರು ಬಾಗಿಲಲ್ಲಿ, ಅಮ್ಮಾಜಮ್ಮ ಆಗಲೇ ಹೇಳಿರಬೇಕು, ಯಾರು ಅಳಿಸಿದ್ದು ಅಂದರು, ಅಷ್ಟರಲ್ಲಿ ವರಲಕ್ಷ್ಮಿ ತಿರುಗದೆಯೇ, ನಾನೇ ಸಾರ್, ಇವ್ರ ಮಿಷನ್ ಸರಿ ಮಾಡ್ತೀನಂತ ಕೈಯಾಡ್ಸಕ್ಕೆ ಓದೆ, ಎಲ್ಲಾ ವಾಪಸ್ ಬತ್ತಾ ಐತೆ ಸಾರ್, ಅಂದಳು. ಮುನಿಸ್ವಾಮಪ್ಪನವರು ಬಗ್ಗಿ ನೋಡಿ, ಓಗಿದ್ದನ್ನೂ ವಾಪಸ್ ತರ್ತೀಯೇನಮ್ಮ, ಭೇಷ್, ಅಂದರು — ಭೇಷ್! ತಪ್ಪು ಮಾಡಿದೆ ಅಂದರೂ ಅವಳಿಗೇ ಭೇಷ್, ನನ್ನ ತಪ್ಪನ್ನೂ ತಗೊಂಡಳು, ಅದೊಂದಾದರೂ ನನ್ನದಾಗಿತ್ತು, ಇಲ್ಲ ಸಾರ್, ಅಳಿಸಿದ್ದು ನಾನು, ಅಂತ ಕೂಗಿದೆ, ಅಷ್ಟು ಗಟ್ಟಿಯಾಗಿ ಕೂಗಬೇಕಿರಲಿಲ್ಲ, ಅದು ಪ್ರಾಮಾಣಿಕತೆಯೇನಲ್ಲ, ನನಗೆ ಗೊತ್ತು, ಅವಳಿಗೂ ಗೊತ್ತಾಯಿತು, ಕೀಲಿಯ ಮೇಲಿದ್ದ ಅವಳ ಬೆರಳು ನಿಂತಿತು. ಮುನಿಸ್ವಾಮಪ್ಪನವರು ನಕ್ಕರು, ಸರಿ ಬಿಡಪ್ಪ, ಪಟ್ಟಿ ಬಂದ್ರೆ ಸಾಕು, ಅಂತ ಹೊರಟುಹೋದರು.

ಆಮೇಲೆ ಅವಳು ಇದ್ಕೆ ಅಂತಲೂ ಕೇಳದೆ ನನ್ನ ಕಡೆ ನೋಡುತ್ತಿದ್ದಳು, ನಾನು ಅಕ್ಷರ ಹೇಳುತ್ತಿದ್ದೆ, ಹೀಗೆ ಎಲ್ಲವೂ ಬಂದವು, ಪ್ರಿಂಟರು ಕಿರ್ರೋ ಅಂತ ಶುರುವಾಯಿತು, ಕಾಗದ ಮಡಿಕೆ ಮಡಿಕೆಯಾಗಿ ಇಳಿಯಿತು, ಗಣಿಯವರ ಹೆಸರುಗಳು, ಶಾಫ್ಟುಗಳು, ಸದ್ಯ. ಅವಳು ಎದ್ದಳು, ಇನ್ನೊಂದೈತೆ, ಅದು ಬೇಕೋ ಬ್ಯಾಡ್ವೋ ನೀವೇ ನೋಡ್ಕಳಿ, ಅಂದು ಪಟ್ಟಿ ಹರಿದುಕೊಂಡು ತನ್ನ ಮೇಜಿಗೆ ಹೋದಳು, ನಾನು ಕೂತೆ, ಕುರ್ಚಿ ಇನ್ನೂ ಬೆಚ್ಚಗಿದೆ, ಪರದೆಯಲ್ಲಿ ಕೊನೆಯ ಹೆಸರು, ಪ್ರಶ್ನೆ ಚಿಹ್ನೆ, ಆಮೇಲೆ ಎ, ಆರ್, ಎ, ಎಲ್, ಯು — ಅವಳು ಕಲಿತ ಮೊದಲ ದಿನದ ಫೈಲು, ಇದುಕ್ಕೆ ಏನಂತ ಎಸರಿಡ್ಲಿ ಅಂತ ಕೇಳಿದ್ದಳು, ಇಲ್ಲೇ, ಈ ಯಂತ್ರದಲ್ಲೇ, ನನ್ನ ಭುಜಕ್ಕೆ ಭುಜ ತಾಗಿಸಿಕೊಂಡು, ನಿನ್ನದೇ ಇಡು ಅಂದಿದ್ದೆ, ಒಂದೊಂದು ಅಕ್ಷರವನ್ನೂ ಹುಡುಕಿ ಹುಡುಕಿ ಒತ್ತಿ, ಆಯ್ತೇನ್ರೀ, ಸರಿಯಾಯ್ತೇನ್ರೀ ಅಂತ ನನ್ನ ಕಡೆಗೇ ನೋಡುತ್ತಿದ್ದಳು, ಆಗ ಅವಳಿಗೆ ನಾನು ಬೇಕಿತ್ತು, ಆ ವರಲೂ ಮೇಲೆ ನನಗೆ ಹೊಟ್ಟೆಕಿಚ್ಚಿರಲಿಲ್ಲ, ಅವಳನ್ನು ಬದುಕಿಸಿದರೆ ಈಗಿನವಳೇ ಎದ್ದು ಬರುತ್ತಾಳೆ, ಇಬ್ಬರೂ ಒಬ್ಬಳೇ ಅಲ್ಲವೇ, ಆ ಕಡೆಯಿಂದ ಟಕ್ ಅನ್ನುವುದಿಲ್ಲ, ಅವಳು ಕಾಯುತ್ತಿದ್ದಾಳೆಯೇ, ನನ್ನ ಬೆರಳು ವಿ ಮೇಲಿದೆ, ಒತ್ತಿಲ್ಲ, ಪರದೆಯ ಮೇಲೆ ಪ್ರಶ್ನೆ ಚಿಹ್ನೆ, ಅವಳ ಹೆಸರಿನ ತಲೆಯಿದ್ದ ಜಾಗದಲ್ಲಿ, ಪ್ರಶ್ನೆ ಚಿಹ್ನೆ —