ಬಿಳಿ ದಾರದ ತೀರ್ಪು

ನಾನು ನಿದ್ದೆಯಲ್ಲಿ ಮಾತಾಡುತ್ತೇನೆ. ಮಾತಾಡುತ್ತೇನೆ ಅನ್ನುವುದಕ್ಕಿಂತ ಓದುತ್ತೇನೆ ಅನ್ನುವುದೇ ಸರಿ. ಮೇಲ್ಮನವಿ ನ್ಯಾಯಾಲಯದ ನಕಲು ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ತೀರ್ಪುಗಳನ್ನು ಗಟ್ಟಿಯಾಗಿ ಓದುವುದೇ ನನ್ನ ಉದ್ಯೋಗ. ಮೂಲ ಪ್ರತಿ ನನ್ನ ಕೈಯಲ್ಲಿ, ಟೈಪಾದ ನಕಲು ಎದುರಿಗೆ ಕೂತ ತಾತನ ಕೈಯಲ್ಲಿ. ನಾನು ಓದಬೇಕು, ತಾತ ಸಾಲಿನ ಮೇಲೆ ಬೆರಳಿಟ್ಟು ತಾಳೆ ನೋಡಬೇಕು. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕು. ತಾತ ಅಂದರೆ ನನ್ನ ತಾತನೇನೂ ಅಲ್ಲ, ವಿಭಾಗದ ಹಿರಿಯ. ಹೊಸದಾಗಿ ಸೇರಿದಾಗಲೇ ತಲೆ ನರೆತಿತ್ತಂತೆ, ಅಂದಿನಿಂದ ತಾತ.

ಮಧ್ಯಾಹ್ನ ಊಟವಾದ ಮೇಲೆ ಆ ಕೋಣೆಯಲ್ಲಿ ಒಂದು ಮಬ್ಬು ಇಳಿಯುತ್ತದೆ. ಕಿಟಕಿಗಳಿಗೆ ಹಾಲುಗಾಜು, ಅದರ ಆಚೆ ಬಿಸಿಲೋ ಮೋಡವೋ ತಿಳಿಯುವುದಿಲ್ಲ. ಫ್ಯಾನು ಸುತ್ತುತ್ತದೆ, ಹಾಳೆಗಳ ಅಂಚು ಏಳುತ್ತದೆ, ಕೂರುತ್ತದೆ. ಓದುತ್ತ ಓದುತ್ತ ನಾನೇ ಇಲ್ಲವಾಗಿ ಬರೀ ಧ್ವನಿ ಮಾತ್ರ ಉಳಿಯುತ್ತದೆ. ಕೊಲೆ, ಗೋಡೆ, ಜೀವನಾಂಶ, ದರೋಡೆ, ಅಲ್ಪವಿರಾಮ, ನೀರಿನ ಹಕ್ಕು, ಪೂರ್ಣವಿರಾಮ. ಅರ್ಥ ಹಿಡಿಯಲು ಹೋದರೆ ಅಕ್ಷರ ತಪ್ಪುತ್ತದೆ, ಇದು ನಮ್ಮ ಕೆಲಸದ ಮೊದಲ ಪಾಠ. ಈ ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಿಂದ ಒಂದು ಅಲ್ಪವಿರಾಮವೂ ಆಚೀಚೆ ಆಗಿಲ್ಲ ಎಂಬ ಜಂಬ ನನಗಿತ್ತು. ಇದ್ದರೆ ಇರಲಿ, ಬೇರೆ ಯಾವ ಜಂಬಕ್ಕೂ ನನ್ನ ಬಳಿ ಸಾಮಾನಿರಲಿಲ್ಲ.

ಮನೆಯಲ್ಲಿ ನಾನು, ಅಮ್ಮ, ಇಬ್ಬರೇ. ನನಗೆ ಹತ್ತು ವರ್ಷವಾಗಿದ್ದಾಗ ನೂಲಿನ ಗಿರಣಿಯ ಉಗ್ರಾಣದಲ್ಲಿ ಕಳ್ಳತನವಾಗಿ, ಕಾವಲಿಗಿದ್ದ ಅಪ್ಪನನ್ನು ಒಳಗೆ ಹಾಕಿದರು. ಅಪ್ಪ ಜೈಲಿನಿಂದಲೇ ಮೇಲ್ಮನವಿ ಹಾಕಿದ್ದರು. ಅದರ ಸರದಿ ಬರುವ ಮೊದಲು ಅಲ್ಲೇ ಜ್ವರ ಬಂದು ತೀರಿಕೊಂಡರು. ಆಮೇಲೆ ಅಮ್ಮ ಆ ವಿಷಯ ಎತ್ತಿದ್ದಿಲ್ಲ. ಯಾರಾದರೂ ಕೆದಕಿದರೆ ಒಂದೇ ಮಾತು: "ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ. ನಮ್ಮನೆಯವರು ಎರಡೂ ಆಗದೆ ಹೋದರು." ಅಷ್ಟು ಹೇಳಿ ಅಡುಗೆಮನೆಗೆ ಹೋಗುತ್ತಿದ್ದಳು.

ಅಮ್ಮನಿಗೆ ಈಗ ಕಣ್ಣು ಅಷ್ಟಕ್ಕಷ್ಟೆ, ಕಿವಿ ಮಾತ್ರ ಬಲು ಚುರುಕು. ಭಾನುವಾರ ಮಧ್ಯಾಹ್ನ ನಾನು ಮಲಗಿದರೆ ಕುರ್ಚಿ ಎಳೆದುಕೊಂಡು ಮಗ್ಗುಲಲ್ಲಿ ಕೂರುತ್ತಾಳೆ. ವಾರವೆಲ್ಲ ಓದಿದ್ದು ಆಗ ನನ್ನ ಬಾಯಿಂದ ಹೊರಗೆ ಬರುತ್ತದಂತೆ. ಅವಳಿಗೆ ಅದು ಕಥಾಕಾಲಕ್ಷೇಪ. ತೀರ್ಪಿನ ಪ್ರತಿ ರವಾನೆಯಾಗುವ ತನಕ ಕಚೇರಿಯ ಮಾತು ಹೊರಗೆ ಹೋಗಬಾರದು ಎಂಬ ನಿಯಮವಿದೆ. ನಿದ್ದೆಗೆ ಯಾರು ನಿಯಮ ಹಾಕುತ್ತಾರೆ?

ಆ ಭಾನುವಾರ ಕನಸಿನಲ್ಲಿ ಒಂದು ಉದ್ದನೆಯ ಗೋಡೆ. ಇಬ್ಬರು ಅಣ್ಣತಮ್ಮಂದಿರು ಅದನ್ನು ಗೇಣು ಹಾಕಿ ಅಳೆಯುತ್ತಿದ್ದಾರೆ. ಗೋಡೆಯ ಬುಡದಲ್ಲಿ ಮೂರನೆಯವನೊಬ್ಬ ಮೊಣಕಾಲು ಅಪ್ಪಿಕೊಂಡು ಕೂತಿದ್ದಾನೆ. ನೀನು ಯಾರಪ್ಪ, ಇದು ಗೋಡೆಯ ಕೇಸು, ಇಲ್ಲಿ ನಿನಗೇನು ಕೆಲಸ ಎಂದು ಕೇಳಿದೆ. ಅವನು ಮಾತಾಡದೆ ತನ್ನ ತೋಳು ತೋರಿಸಿದ. ಮಣಿಕಟ್ಟಿನಿಂದ ಬಿಳಿ ದಾರವೊಂದು ಹೊರಟು ಗೋಡೆಯೊಳಗೆ ಹೋಗಿತ್ತು. ಎಳೆದರೆ ಬರಲಿಲ್ಲ.

ಎದ್ದಾಗ ಅಮ್ಮ ನಗುತ್ತಿದ್ದಳು.

"ಅಲ್ವೇ, ಗೋಡೆ ಜಗಳದಲ್ಲಿ ಜೈಲಿಗೆ ಹೋಗಿದ್ದೋರು ಯಾರು?"

"ಯಾರೂ ಇಲ್ಲಮ್ಮ. ಅಣ್ಣತಮ್ಮಂದಿರ ಸಿವಿಲ್ ಕೇಸು ಅದು."

"ಮತ್ತೆ ಕೊನೇಲಿ ಅವನನ್ನ ಬಿಟ್ಟುಬಿಡಿ ಅಂದೆ? ಗೋಡೆ ಅಣ್ಣನದೇ ಅಂತ ಒಪ್ಪವಾಗಿ ಹೇಳ್ತಾ ಬಂದೆ. ಬಂದು, ಬೇರೆ ಯಾವ ಪ್ರಕರಣದಲ್ಲೂ ಬೇಕಿಲ್ಲದಿದ್ದರೆ ಅಲ್ಪವಿರಾಮ ಕೂಡಲೇ ಬಿಡುಗಡೆ ಮಾಡತಕ್ಕದ್ದು ಪೂರ್ಣವಿರಾಮ ಅಂದೆ. ಯಾರದೋ ಮುಂಡಕ್ಕೆ ಯಾರದೋ ರುಂಡ."

"ಕನಸಲ್ಲಿ ಕಲಸಿಹೋಗಿರುತ್ತೆ ಬಿಡು," ಎಂದೆ.

"ಇಷ್ಟು ವರ್ಷ ಒಂದು ಸಲಾನೂ ಕಲಸಿಲ್ಲ ನೀನು," ಎಂದಳು ಅಮ್ಮ.

ಮುಖ ತೊಳೆಯುತ್ತಿದ್ದ ನನಗೆ ಆ ಬಿಳಿ ದಾರ ನೆನಪಾಯಿತು, ಕೈ ಅಲ್ಲೇ ನಿಂತಿತು.

ನಮ್ಮಲ್ಲಿ ತೀರ್ಪಿನ ಒಡಲು ಬೆಳಿಗ್ಗೆಯೇ ತಾಳೆಯಾಗುತ್ತದೆ. ಕೊನೆಯ ಪುಟ, ಅಂದರೆ ಗೆದ್ದನೋ ಸೋತನೋ ಎಂದು ಹೇಳುವ ಆದೇಶದ ಹಾಳೆ, ಸಹಿಯಾಗಿ ಸಂಜೆ ಬೇರೆಯಾಗಿ ಬರುತ್ತದೆ. ಅದರ ನೆತ್ತಿಯಲ್ಲಿ ಇರುವುದು ಸಂಖ್ಯೆ, ಇಸವಿ, ಅಷ್ಟೆ. ಸಂಖ್ಯೆ ನೋಡಿ ಒಡಲಿಗೆ ಸೇರಿಸಿ, ಸೂಜಿಯಿಂದ ಹೊಲಿದು, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತುವವಳು ನಾನು. ಕ್ರಿಮಿನಲ್ ಆದರೆ ಕೆಂಪು ದಾರ, ಸಿವಿಲ್ ಆದರೆ ನೀಲಿ. ಒಂದೇ ಸಂಖ್ಯೆ ಎರಡು ಕಡೆಯೂ ಇರಬಹುದಾದ್ದರಿಂದ ಹಾಳೆ ಬಂದ ಕೂಡಲೇ ಅದರ ಮೂಲೆಗೆ ಆಯಾ ಬಣ್ಣದ ಎಳೆಯೊಂದನ್ನು ಪೋಣಿಸುವುದು ಹಳೆಯ ಪದ್ಧತಿ. ಶುಕ್ರವಾರ ಎರಡೂ ಉಂಡೆಗಳು ಮುಗಿದಿದ್ದವು. ಉಳಿದ ಆರು ತೀರ್ಪುಗಳನ್ನು ಮೂಲೆಯ ಎಳೆಯೂ ಇಲ್ಲದೆ ಬಿಳಿ ದಾರದಲ್ಲೇ ಹೊಲಿದು ಕೈತೊಳೆದುಕೊಂಡಿದ್ದೆ. ಅದರಲ್ಲಿ ನೂರಾ ಹದಿನೆಂಟನೆಯ ಸಂಖ್ಯೆಯವು ಎರಡಿದ್ದವು, ಒಂದು ಸಿವಿಲ್, ಒಂದು ಕ್ರಿಮಿನಲ್. ಮನಸ್ಸು ತೂಕಡಿಸುತ್ತಿದ್ದರೂ ಹೊಲಿಯುವಾಗ ಕಣ್ಣು ಓದಿಟ್ಟುಕೊಂಡಿತ್ತು.

ಒಂದು ಆ ಗೋಡೆ. ಇನ್ನೊಂದು, ಗೋದಾಮಿಗೆ ಬೆಂಕಿ ಇಟ್ಟನೆಂದು ಒಂಬತ್ತು ವರ್ಷ ಶಿಕ್ಷೆಯಾಗಿದ್ದ ಹಮಾಲಿಯೊಬ್ಬನದು. ಮಹಡಿಯ ಕಿಟಕಿಯಿಂದ ಕಂಡೆ ಎಂದ ಸಾಕ್ಷಿಯ ಕಿಟಕಿ ಗೋದಾಮಿನ ಕಡೆಗೆ ತೆರೆಯುವುದೇ ಇಲ್ಲ ಎಂದು ನ್ಯಾಯಮೂರ್ತಿಗಳು ಹದಿನಾಲ್ಕು ಪುಟ ಬರೆದಿದ್ದರು. ಅವನೂ ಜೈಲಿನಿಂದಲೇ ಮನವಿ ಹಾಕಿದ್ದವನು. ತೀರ್ಪು ಹೇಳಿದ ದಿನ ಅವನ ಕಡೆಯವರು ಅಂತ ಒಂದು ನರಪಿಳ್ಳೆಯೂ ಬಂದಿರಲಿಲ್ಲ, ಸರ್ಕಾರ ಕೊಟ್ಟ ವಕೀಲರೂ ಇರಲಿಲ್ಲ. ಈಗ ಅವನ ಹದಿನಾಲ್ಕು ಪುಟದ ಬಾಲಕ್ಕೆ ಗೋಡೆಯ ಹಾಳೆ ಹೊಲಿದುಹೋಗಿತ್ತು: ಮೇಲ್ಮನವಿ ವಜಾ, ಕೆಳಗಿನ ತೀರ್ಪು ಊರ್ಜಿತ. ಜೈಲಿನವರು ಓದುವುದು ಕೊನೆಯ ಪುಟವೊಂದನ್ನೇ. ನಿನ್ನ ಮನವಿ ಬಿದ್ದುಹೋಯಿತು ಕಣಯ್ಯ ಎಂದು ಹೇಳಿ ಕಡತ ಮುಚ್ಚುತ್ತಾರೆ. ಅವನು ಇನ್ನಾರು ವರ್ಷ ಕೂತಿರುತ್ತಾನೆ.

ಸೋಮವಾರ ಎಂಟು ಗಂಟೆಗೇ ಟಪಾಲು ಕೋಣೆಗೆ ಹೋದೆ. ಚೀಲ ಬಾಯಿ ಕಟ್ಟಿಸಿಕೊಂಡು ಕೂತಿತ್ತು. ಒಂಬತ್ತೂವರೆಗೆ ಗಾಡಿ ಹೊರಡುತ್ತದೆ. ತಾತನನ್ನು ಕರೆದು ಎಲ್ಲ ಹೇಳಿದೆ. ಅವರ ಮುಖದಲ್ಲಿ ರಕ್ತವಿರಲಿಲ್ಲ, ಆದರೆ ತಲೆ ಓಡಿತು.

"ಅರಗು ನಮ್ಮ ಮೇಜಲ್ಲೇ ಇದೆ, ಮುದ್ರೇನೂ ಇದೆ. ಬಿಚ್ಚಿ ಅದಲು ಬದಲು ಮಾಡಿ ಹೊಲಿದುಬಿಡು. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಕಣಮ್ಮ. ಮುಂದಿನ ತಿಂಗಳು ನನ್ನ ನಿವೃತ್ತಿ, ಅದನ್ನೂ ಸ್ವಲ್ಪ ನೋಡು."

ನನಗೂ ಆಸೆಯಾಯಿತು, ಸುಳ್ಳು ಯಾಕೆ. ಚೀಲದ ಗಂಟಿಗೆ ಕೈಯೂ ಹಾಕಿದೆ. ಆದರೆ ಮುದ್ರೆ ಬಿದ್ದ ತೀರ್ಪನ್ನು ಬಿಚ್ಚುವ ಅಧಿಕಾರ ಬರೆದವರಿಗೆ ಮಾತ್ರ. ಬಿಳಿ ದಾರದವು ಎರಡಲ್ಲ, ಆರು. ಉಳಿದ ನಾಲ್ಕರಲ್ಲಿ ಯಾರ ಕಥೆಗೆ ಯಾರ ಕೊನೆ ಹೊಲಿದಿದ್ದೇನೋ ನನಗೆ ಖಾತ್ರಿಯಿರಲಿಲ್ಲ. ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಗಿತ್ತು. ಅಷ್ಟು ನೋವು ನನಗೆ ಈಚೆಗೆ ಆಗಿದ್ದಿಲ್ಲ.

ಚೀಲವನ್ನು ದರದರ ಎಳೆದುಕೊಂಡು ಹೋಗಿ ನ್ಯಾಯಮೂರ್ತಿಗಳ ಕೋಣೆಯ ಬಾಗಿಲಲ್ಲಿ ಇಟ್ಟು ಅದರ ಮೇಲೆಯೇ ಕೂತೆ. ಗಾಡಿಯವನು ಬಂದು ಬೇಡಿಕೊಂಡ, ಗದರಿದ, ಮೇಲಿನವರಿಗೆ ಹೇಳ್ತೀನಿ ಎಂದ.

"ಮೇಲಿನವರಿಗೆ ಹೇಳೋಕೇ ನಾನೂ ಕೂತಿರೋದು. ನೀನೂ ಕೂತ್ಕೋ," ಎಂದೆ.

ನ್ಯಾಯಮೂರ್ತಿಗಳು ಬಂದರು. ಚೀಲದ ಮೇಲೆ ಕೂತ ಹೆಂಗಸನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು. ಎದ್ದು ನಿಂತು ತಪ್ಪನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದೆ.

ಆರೂ ಮುದ್ರೆಗಳನ್ನು ಅವರೇ ಒಡೆದರು. ನಾಲ್ಕು ಸರಿಯಾಗಿದ್ದವು. ಗೋಡೆಯ ತೀರ್ಪಿನ ಕೊನೆಯ ಪುಟ ತಿರುವಿ ಬಹಳ ಹೊತ್ತು ನೋಡಿದರು. ಆಮೇಲೆ ಹಮಾಲಿಯದನ್ನು ತಿರುವಿದರು.

"ನಾನು ಒಡೆಯುವ ತನಕ ಮುದ್ರೆ ಹಾಗೇ ಇತ್ತು. ನಿಮಗೆ ಗೊತ್ತಾಗಿದ್ದು ಹೇಗೆ?"

"ನಿದ್ದೆಯಲ್ಲಿ ಓದಿದೆ ಸರ್. ನಮ್ಮಮ್ಮ ಕೇಳಿಸ್ಕೊಂಡು ಹೇಳಿದಳು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ವರ್ಷದಿಂದ ಕೇಳ್ತಿದ್ದಾರೆ?"

"ನಾನು ಕೆಲಸಕ್ಕೆ ಸೇರಿದಾಗಿನಿಂದ ಸರ್."

"ಹಾಗಾದರೆ ನನ್ನ ತೀರ್ಪುಗಳನ್ನು ಪೂರ್ತಿ ಕೇಳಿದವರು ಅವರೊಬ್ಬರೇ ಇರಬೇಕು," ಎಂದರು. ನಗಲಿಲ್ಲ. ನನಗೊಂದು ಎಚ್ಚರಿಕೆ ಪತ್ರ ಬರೆಸಿದರು, ಇಪ್ಪತ್ತಾರು ವರ್ಷದಲ್ಲಿ ಮೊದಲನೆಯದು. ತಾತನ ಹೆಸರು ಅದರಲ್ಲಿ ಬರಲಿಲ್ಲ. ಹೊಸ ದಾರ ತರಿಸಿದರು. ಅವರ ಎದುರಿಗೇ ಕೂತು, ಕೆಂಪು ಎಳೆ ಪೋಣಿಸಿ, ಹಮಾಲಿಯ ಬಿಡುಗಡೆಯನ್ನು ಹೊಲಿದೆ. ಜೈಲಿಗೆ ಗಾಡಿ ಹೊರಟಾಗ ಹನ್ನೊಂದಾಗಿತ್ತು.

ಸಂಜೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಬಿಟ್ರಾ ಅವನನ್ನ?"

"ಬಿಟ್ರಂತೆ. ಗೋದಾಮಿನ ಹಮಾಲಿ ಅವನು. ಜೈಲಿಂದ ಫೋನ್ ಬಂತು."

ಅಮ್ಮ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಸೆರಗಿನ ತುದಿ ಸುತ್ತುತ್ತ, ಬಿಚ್ಚುತ್ತ ಇದ್ದಳು.

"ಇಷ್ಟು ವರ್ಷ ನಿನ್ನ ಮಗ್ಗುಲಲ್ಲಿ ಕಥೆ ಕೇಳೋಕೆ ಕೂತಿದ್ದೆ ಅಂದ್ಕೊಂಡ್ಯಾ? ಒಂದಲ್ಲ ಒಂದು ಭಾನುವಾರ ನಿಮ್ಮಪ್ಪಂದು ಬರುತ್ತೆ ಅಂತ ಕೂತಿದ್ದೆ."

ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ದಾಖಲೆ ಕೋಣೆಯಲ್ಲಿ ಅಪ್ಪನ ಕಡತವನ್ನು ನಾನು ಹುಡುಕಿ ಓದಿದ್ದೆ. ಅದರಲ್ಲಿ ಇದ್ದದ್ದು ಒಂದು ಸಾಲು. ಮನವಿದಾರರು ಮೃತಪಟ್ಟಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ. ಕದ್ದ ಎಂದೂ ಇರಲಿಲ್ಲ, ಕದ್ದಿಲ್ಲ ಎಂದೂ ಇರಲಿಲ್ಲ. ಅದನ್ನು ಅಮ್ಮನಿಗೆ ಹೇಳಿರಲಿಲ್ಲ. ಅವತ್ತು ಹೇಳಿದೆ.

"ನನಗೆ ಗೊತ್ತಿತ್ತು," ಎಂದಳು. "ಎಷ್ಟೋ ವರ್ಷದ ಹಿಂದೆ ಒಂದು ಭಾನುವಾರ ಅದನ್ನೂ ಓದಿದೆ ನೀನು. ಅದು ಬೇರೆ ಯಾರದೋ ಇರಬಹುದು ಅಂದ್ಕೊಂಡೆ."

ಬೀದಿಯ ಬೆಳಕು ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು.

"ಆ ಹಮಾಲಿಯ ಕೊನೇ ಪುಟ ಓದು."

ಎಚ್ಚರವಿದ್ದಾಗ ನಾನು ಮನೆಯಲ್ಲಿ ಓದಿದವಳಲ್ಲ. ಆ ಹಾಳೆ ಬಾಯಿಗೇ ಬರುತ್ತಿತ್ತು. ಶುರು ಮಾಡಿದೆ.

"ಹಾಗಲ್ಲ," ಎಂದಳು ಅಮ್ಮ. "ನಿಮ್ಮಪ್ಪನ ಹೆಸರು ಹಾಕಿ ಓದು."

ಒಂದು ಅಲ್ಪವಿರಾಮವನ್ನೂ ಬದಲಿಸದವಳು ನಾನು. ಬೆಳಿಗ್ಗೆ ತಾನೆ ಯಾರದೋ ತೀರ್ಪನ್ನು ಯಾರಿಗೋ ಹೊಲಿದದ್ದಕ್ಕೆ ಎಚ್ಚರಿಕೆ ಪತ್ರ ಪಡೆದು ಬಂದವಳು. ಅಮ್ಮನ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡು ಕಿವಿ ಈ ಕಡೆ ಕೊಟ್ಟಿದ್ದಳು.

ಅಪ್ಪನ ಪೂರ್ತಿ ಹೆಸರು ಹಾಕಿ, ಕಚೇರಿಯ ಧ್ವನಿಯಲ್ಲೇ ಓದಿದೆ. ಮೇಲ್ಮನವಿಯನ್ನು ಪುರಸ್ಕರಿಸಲಾಗಿದೆ ಪೂರ್ಣವಿರಾಮ ಇವರ ಮೇಲಿನ ಆರೋಪ ರುಜುವಾತಾಗಿಲ್ಲ ಪೂರ್ಣವಿರಾಮ ಬೇರೆ ಯಾವ ಪ್ರಕರಣದಲ್ಲೂ ಬೇಕಿಲ್ಲದಿದ್ದರೆ ಅಲ್ಪವಿರಾಮ ಇವರನ್ನು ಕೂಡಲೇ ಬಿಡುಗಡೆ ಮಾಡತಕ್ಕದ್ದು. ಅಷ್ಟರಲ್ಲಿ ಧ್ವನಿ ಒಡೆಯಿತು, ನಿಲ್ಲಿಸಿದೆ.

ಅಮ್ಮ ಕಾದಳು.

"ಮುಗೀತಾ?" ಎಂದಳು ಕೊನೆಗೆ. "ಪೂರ್ಣವಿರಾಮ ಹೇಳಲೇ ಇಲ್ಲ ನೀನು."

ಹೇಳಿದೆ.