ತೋಳಿನೊಳಗಿನ ಆರು ಕಡ್ಡಿ

ಎರಡನೆಯ ಹೆರಿಗೆಯಲ್ಲಿ ನನ್ನ ಸೊಸೆ ಭಾಗ್ಯ ಉಳಿದದ್ದೇ ಹೆಚ್ಚು. ದೊಡ್ಡಬಳ್ಳಾಪುರದಲ್ಲಿ ಆಗುವುದಿಲ್ಲವೆಂದು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದರು. ಮೊದಲನೆಯದೂ ಹಾಗೆಯೇ ಆಗಿತ್ತು. ಎರಡೂ ಹೆಣ್ಣು. ತೊಂಬತ್ತೊಂದನೇ ಇಸವಿ, ಮಾಘ ಮಾಸ. ಡಾಕ್ಟರಮ್ಮ ನನ್ನನ್ನೂ ನನ್ನ ಮಗ ವೇಣುಗೋಪಾಲನನ್ನೂ ಕೂರಿಸಿಕೊಂಡು, ಗರ್ಭಕೋಶ ಹಳೇ ಬಟ್ಟೆಯ ಹಾಗೆ ತೆಳ್ಳಗಾಗಿದೆ, ಮೂರು ನಾಲ್ಕು ವರ್ಷದೊಳಗೆ ಮತ್ತೆ ಬಸುರಾದರೆ ತಾಯಿ ಉಳಿಯುವುದು ಕಷ್ಟ ಎಂದು ಬಿಡಿಸಿ ಹೇಳಿದರು.

ಭಾಗ್ಯ ಮಲಗಿದ ಕಡೆಯಿಂದಲೇ, "ಆಪರೇಷನ್ ಮಾಡಿಬಿಡಿ ಮೇಡಂ," ಎಂದಳು.

ನಾನು ಬೇಡ ಎಂದೆ. ಎರಡು ಹೆಣ್ಣಿಗೇ ಬಾಗಿಲು ಮುಚ್ಚಿಬಿಟ್ಟರೆ ಹೇಗೆ ಎಂದು ನನ್ನ ಮನಸ್ಸಿನಲ್ಲಿತ್ತು. ವೇಣು ನನ್ನ ಮುಖ ನೋಡಿದ, ಅವಳ ಮುಖ ನೋಡಿದ, ಆಮೇಲೆ ನೆಲ ನೋಡಿದ.

ಒಂದೂವರೆ ತಿಂಗಳು ಬಿಟ್ಟು ತೋರಿಸಲು ಹೋದಾಗ ನರ್ಸಮ್ಮ ಒಬ್ಬರು ಹೊಸದೊಂದು ವಿಷಯ ತೆಗೆದರು.

"ಆಪರೇಷನ್ ಬೇಡ ಅಂತೀರಲ್ಲ, ಇನ್ನೊಂದಿದೆ ನೋಡಮ್ಮ. ತೋಳಿನ ಚರ್ಮದ ಕೆಳಗೆ ಆರು ಕಡ್ಡಿ ಇಡ್ತೀವಿ. ಐದು ವರ್ಷ ಬಸುರಾಗಲ್ಲ. ದಿನಾ ಮಾತ್ರೆ ನುಂಗೋ ರಗಳೆ ಇಲ್ಲ."

"ಕಡ್ಡಿ ಅಂದ್ರೆ? ಊದಿನಕಡ್ಡಿ ತರಾನಾ?" ಎಂದು ಕೇಳಿದೆ.

"ಅಯ್ಯೋ, ಬೆಂಕಿಕಡ್ಡಿಯಷ್ಟು ಕಣಮ್ಮ, ಮೆತ್ತಗಿರುತ್ತೆ. ಒಳಗಡೆ ಔಷಧಿ ಇರುತ್ತೆ."

"ಆಮೇಲೆ ತೆಗೆಸಿದ್ರೆ ಮಗು ಆಗುತ್ತಾ?"

"ಆಗುತ್ತೆ."

ಆ ಒಂದು ಮಾತು ನನ್ನ ಕಿವಿಗೆ ಬಿತ್ತು. ನರ್ಸಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮುಟ್ಟು ಏರುಪೇರಾಗಬಹುದು, ಕೆಲವರಿಗೆ ನಿಂತೇ ಹೋಗುತ್ತದೆ, ಕೆಲವರಿಗೆ ಬಿಟ್ಟು ಬಿಟ್ಟು ಹೋಗುತ್ತಲೇ ಇರುತ್ತದೆ, ತಲೆನೋವು ಬರಬಹುದು, ಹೆಚ್ಚಾದರೆ ಬಂದು ತೋರಿಸಿ ಎಂದೆಲ್ಲ ಹೇಳಿದರು. ನಾನು ಹೂಂ ಹೂಂ ಎನ್ನುತ್ತಿದ್ದೆ. ಮೊಮ್ಮಗ ಐದು ವರ್ಷ ತಡವಾಗಿ ಬಂದರೂ ಚಿಂತೆಯಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಕಡ್ಡಿ ಇಟ್ಟು ಪಟ್ಟಿ ಕಟ್ಟಿದ ಭಾಗ್ಯನ ಎಡಗೈ ತೋಳು ಎರಡು ದಿನ ಊದಿತ್ತು. ಆಮೇಲೆ ಬೆರಳಿಟ್ಟರೆ ಒಳಗೆ ಬೀಸಣಿಗೆಯ ಗರಿಯಂತೆ ಹರಡಿಕೊಂಡ ಕಡ್ಡಿಗಳು ಸಿಗುತ್ತಿದ್ದವು.

ನಮ್ಮದು ನೇಯ್ಗೆಯ ಮನೆ. ನಡುಮನೆ ದಾಟಿದರೆ ಮಗ್ಗದ ಕೋಣೆ, ಅಲ್ಲಿ ಎರಡು ಪವರ್‌ಲೂಮು, ಗೋಡೆಯ ಮೇಲೆ ಚೌಡೇಶ್ವರಿ ಅಮ್ಮನವರ ಪಟ. ಮಗ್ಗ ಗಂಡಸಿನದು, ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದು ಹೆಂಗಸಿನದು. ಮುಟ್ಟಾದವಳು ಮಗ್ಗವನ್ನಾಗಲಿ ನೂಲನ್ನಾಗಲಿ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ನೇಯ್ಗೆ ಕೆಡುತ್ತದೆ ಎನ್ನುತ್ತಾರೆ. ಹಿತ್ತಲಿನ ಬಚ್ಚಲುಮನೆಯ ಪಕ್ಕದ ಚಪ್ಪರದಡಿ ಚಾಪೆ, ತಟ್ಟೆ, ಚೊಂಬು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ನಮ್ಮತ್ತೆ ನನಗೆ ಹಾಗೆ ಕಲಿಸಿದ್ದರು, ನಾನು ಭಾಗ್ಯನಿಗೆ ಕಲಿಸಿದ್ದೆ. ಹೊರಗೆ ಕೂತ ತಾಯಿಯ ಹತ್ತಿರ ಮಕ್ಕಳು ಹೋಗಬಹುದು, ಆದರೆ ಮೈಮೇಲೆ ಬಟ್ಟೆ ಇರಬಾರದು. ಬಟ್ಟೆಗೆ ಮೈಲಿಗೆ ಅಂಟುತ್ತದೆ, ಬರಿಮೈಗೆ ನೀರು ಹಾಕಿದರೆ ಆಯಿತು.

ಕಡ್ಡಿ ಇಟ್ಟ ಹದಿನೈದನೆಯ ದಿನಕ್ಕೆ ಭಾಗ್ಯ ಹೊರಗಾದಳು. ನಾಲ್ಕನೆಯ ದಿನ ನಿಲ್ಲಲಿಲ್ಲ. ಹತ್ತನೆಯ ದಿನವೂ ನಿಲ್ಲಲಿಲ್ಲ. ಇಪ್ಪತ್ತೆರಡನೆಯ ದಿನ ನಿಂತಿತೆಂದು ತಲೆಗೆ ನೀರು ಹಾಕಿಕೊಂಡು ಬಂದಳು. ಐದು ದಿನ ಕಂಡಿಕೆ ಸುತ್ತಿದಳು. ಆರನೆಯ ದಿನ ರಾಟೆ ಬಿಟ್ಟು ಎದ್ದು ಹಿತ್ತಲಿಗೆ ನಡೆದಳು. ಹೆಚ್ಚೇನೂ ಹೋಗುತ್ತಿರಲಿಲ್ಲವಂತೆ, ಒಂದು ಕಲೆಯಷ್ಟು. ಕಲೆಯಾದರೂ ಮುಟ್ಟು ಮುಟ್ಟೇ ಎಂದೆ ನಾನು.

ಆಷಾಢದ ಗಾಳಿ ಶುರುವಾಯಿತು. ಚಿಕ್ಕ ಮೊಮ್ಮಗಳು ಮೇಘನ ಇನ್ನೂ ಐದು ತಿಂಗಳ ಕೂಸು. ಹಾಲು ಕುಡಿಯಲು ದಿನಕ್ಕೆ ಆರು ಸಲ ಬಟ್ಟೆ ಬಿಚ್ಚಿ ಕೊಡುತ್ತಿದ್ದೆ, ಆರು ಸಲ ಬಿಸಿನೀರಲ್ಲಿ ಮೈ ತೊಳೆದು ಒಳಗೆ ತರುತ್ತಿದ್ದೆ. ಕೂಸಿಗೆ ಶೀತ ಹಿಡಿಯಿತು, ಎದೆ ಗೊರಗೊರ ಎನ್ನತೊಡಗಿತು. ಆಗ ನಾನೇ ಹಾಲು ಬಿಡಿಸಿ ಹಸುವಿನ ಹಾಲಿಗೆ ಹಾಕಿದೆ. ಭಾಗ್ಯ ಎದೆ ಕಟ್ಟಿಕೊಂಡು ಮೂರು ದಿನ ನರಳಿದಳು.

"ಅತ್ತೆ, ಮಗೂನ ಒಂದು ಸಲ ಕೊಡಿ. ನೋವು ತಡೆಯಕ್ಕಾಗ್ತಿಲ್ಲ."

"ಅದಕ್ಕೆ ಜ್ವರ ಕಣೇ. ಹಿಂಡಿ ಚೆಲ್ಲಿಬಿಡು."

ಇದು ನಾನು ಆಡಿದ ಮಾತು.

ಪಕ್ಕದ ಮನೆಯ ಅಕ್ಕಯಮ್ಮನಿಗೆ ನಮ್ಮ ಹಿತ್ತಲಿನ ಮೇಲೇ ಕಣ್ಣು. ಗೋಡೆಯ ಮೇಲಿಂದ ಇಣುಕಿ, "ಏನ್ ನಾರಾಯಣಕ್ಕ, ಸೊಸೆಗೆ ಹಿತ್ತಲು ಪಾಲಿಗೆ ಕೊಟ್ಬಿಟ್ಟಿದ್ದೀಯಾ? ಮನೆ ಕಂದಾಯದಲ್ಲಿ ಅವಳ ಹೆಸರೂ ಬರೆಸ್ಬಿಡು!" ಎಂದಳು. ಇನ್ನೊಂದು ದಿನ, "ನಾವೆಲ್ಲ ತಿಂಗಳಿಗೊಂದು ಸಲ ಹೊರಗೆ ಹೋಗ್ತೀವಿ, ನಿಮ್ಮ ಭಾಗ್ಯ ತಿಂಗಳಿಗೊಂದು ಸಲ ಒಳಗೆ ಬರ್ತಾಳೆ," ಎಂದು ತಾನೇ ನಕ್ಕಳು. ಭಾಗ್ಯ ತಟ್ಟೆ ತೊಳೆಯುತ್ತಿದ್ದವಳು ತಲೆ ಎತ್ತಿ, "ನೀವೂ ಬನ್ನಿ ಅಕ್ಕಯಮ್ಮಾರೇ, ಚಾಪೆ ಅಗಲ ಐತೆ," ಎಂದಳು. ಆಗಿನ್ನೂ ಅವಳಲ್ಲಿ ಅಷ್ಟು ಕಸುವಿತ್ತು.

ಶ್ರಾವಣದಲ್ಲಿ ಅವಳು ವೇಣುವನ್ನು ಕರೆದು ಹೇಳಿದಳು: "ಇದನ್ನ ತೆಗೆಸ್ಬಿಡಿ. ಇಲ್ಲಾಂದ್ರೆ ನಾನು ನಿಮ್ಮ ಮನೆಯೊಳಗೆ ಸೇರಲ್ಲ."

ಮೂವರೂ ಬೆಂಗಳೂರಿಗೆ ಹೋದೆವು. ಡಾಕ್ಟರಮ್ಮ ಕಣ್ಣಿನ ರೆಪ್ಪೆ ಇಳಿಸಿ ನೋಡಿದರು. ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಮಾತ್ರೆ ಬರೆದರು. "ಇದು ಎಷ್ಟೋ ಜನಕ್ಕೆ ಮೊದಲ ವರ್ಷ ಹೀಗಾಗುತ್ತೆ. ಆಮೇಲೆ ತಾನಾಗೇ ಸರಿಹೋಗುತ್ತೆ. ಬೇಡ ಅಂದ್ರೆ ಇವತ್ತೇ ತೆಗೀತೀನಿ. ಆದ್ರೆ ತೆಗೆದ ಮೇಲೆ ಬಸುರಾಗೋದು ತಡ ಆಗಲ್ಲ. ಅದಕ್ಕೇ ಜೊತೆಗೇ ಆಪರೇಷನ್ ಮಾಡಿಸ್ಕೊಳ್ಳಿ. ಏನಂತೀಯಮ್ಮ?"

ಕೇಳಿದ್ದು ಭಾಗ್ಯನನ್ನು. ಭಾಗ್ಯ ನನ್ನ ಕಡೆ ತಿರುಗಿದಳು.

"ವರ್ಷ ಅಂತಾರಲ್ಲ, ಇನ್ನೊಂದು ನಾಲ್ಕು ತಿಂಗಳು ನೋಡೋಣ," ಎಂದೆ ನಾನು.

ಬಸ್ಸಿನಲ್ಲಿ ಅವಳು ಯಲಹಂಕ ದಾಟುವವರೆಗೆ ಕಿಟಕಿಯಾಚೆಗೇ ನೋಡುತ್ತಿದ್ದಳು. ಆಮೇಲೆ ವೇಣುವಿನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು.

ಆಯುಧಪೂಜೆಗೆ ಎರಡು ದಿನ ಇರುವಾಗ ಅವಳು ಹಿತ್ತಲಿನಿಂದ, "ಅತ್ತೆ, ನಿಂತೋಯ್ತು," ಎಂದು ಕೂಗಿದಳು. ನಾನೇ ನೀರು ಕಾಯಿಸಿ ತಲೆಗೆ ಹಾಕಿದೆ. ಹಬ್ಬದ ದಿನ ಮಗ್ಗಗಳಿಗೆ ಅವಳೇ ಅರಿಶಿನ ಕುಂಕುಮ ಇಟ್ಟಳು. ಮನೆ ತುಂಬಿದ ಹಾಗಾಯಿತು. ದೊಡ್ಡ ಮೊಮ್ಮಗಳು ಅನಿತ, ಆಗ ಮೂರು ವರ್ಷ, ಬೀದಿಯಲ್ಲಿ ಆಡಿ ಬಂದವಳು ನಡುಮನೆಯಲ್ಲಿ ಅಮ್ಮನನ್ನು ಕಂಡು ಹೊಸಿಲಲ್ಲೇ ನಿಂತು ಹೊಸ ಫ್ರಾಕು ಬಿಚ್ಚತೊಡಗಿದಳು. ಬಿಚ್ಚಿ ಮೂಲೆಗೆಸೆದು, ಬರಿಮೈಯಲ್ಲಿ ಓಡಿ ಹೋಗಿ ಅಮ್ಮನ ತೊಡೆಯೇರಿದಳು. ನಾವೆಲ್ಲ ನಕ್ಕೆವು. ಭಾಗ್ಯ ನಗಲಿಲ್ಲ. ಫ್ರಾಕು ತರಿಸಿ ಮತ್ತೆ ತೊಡಿಸಿ, ಗುಂಡಿ ಹಾಕಿ, ಮಗುವನ್ನು ಬಿಗಿಯಾಗಿ ಹಿಡಿದುಕೊಂಡು ಕೂತಳು.

ಅಲ್ಲಿಂದ ಐದು ತಿಂಗಳು ಏನೂ ತೊಂದರೆ ಕಾಣಲಿಲ್ಲ. ತಿಂಗಳಿಗೊಮ್ಮೆ ಹುಣ್ಣಿಮೆ ಕಳೆದ ಮೂರನೆಯ ದಿನ ಹೊರಗಾಗುವಳು, ನಾಲ್ಕು ದಿನ ಕೂತು ಒಳಗೆ ಬರುವಳು. ಒಂದು ದಿನ ಹಿಂದಿಲ್ಲ, ಒಂದು ದಿನ ಮುಂದಿಲ್ಲ. ಡಾಕ್ಟರಮ್ಮ ಹೇಳಿದ್ದು ನಿಜವಾಯಿತೆಂದು ಅಮ್ಮನವರಿಗೆ ಕಾಯಿ ಒಡೆದೆ. ನಾಲ್ಕು ಹೆತ್ತ ನನಗೆ, ಯಾವ ಹೆಂಗಸಿನ ಮೈಯೂ ಅಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ ಎಂದು ಹೊಳೆಯಬೇಕಿತ್ತು. ಅವಳು ಎಲ್ಲರಿಗಿಂತ ಮೊದಲೆದ್ದು ಬಟ್ಟೆ ಒಗೆದು ಹಾಕುವುದನ್ನು ಕಂಡು, ಹುಡುಗಿ ಚುರುಕಾದಳು ಎಂದುಕೊಂಡೆ. ಮುಖ ಬಿಳಿಚಿದ್ದಕ್ಕೆ ಮನೆಯೊಳಗೇ ಇರುತ್ತಾಳಲ್ಲ, ಬಿಸಿಲು ತಾಗುವುದಿಲ್ಲ ಎಂದುಕೊಂಡೆ. ಕಬ್ಬಿಣದ ಮಾತ್ರೆ ಯಾವಾಗಲೋ ಮುಗಿದಿತ್ತು. ಮತ್ತೆ ತರಿಸಿ ಎಂದು ಅವಳು ಕೇಳಲಿಲ್ಲ. ನಿಂತಿದೆ ಎಂದ ಮೇಲೆ ಏನೆಂದು ಕೇಳುತ್ತಾಳೆ?

ಶಿವರಾತ್ರಿಯ ಹಿಂದಿನ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತು. ಮಗ್ಗದ ಸದ್ದಿನಲ್ಲಿ ಅವಳು ಬಿದ್ದದ್ದು ಯಾರಿಗೂ ಕೇಳಿಸಲಿಲ್ಲ. ಕಂಡಿಕೆ ಮುಗಿದು ವೇಣು ಕೂಗಿದ, ಉತ್ತರವಿಲ್ಲ. ಬಂದು ನೋಡಿದರೆ ರಾಟೆಯ ಪಕ್ಕ ಒರಗಿ ಬಿದ್ದಿದ್ದಳು, ನೂಲಿನ ಎಳೆ ಇನ್ನೂ ಬೆರಳಲ್ಲೇ ಇತ್ತು. ಸೀರೆಯ ಹಿಂದೆ ಕಲೆ ಕಂಡಿತು.

ಆಸ್ಪತ್ರೆಯಲ್ಲಿ ರಕ್ತ ನೋಡಿ, ಹನ್ನೆರಡಿರಬೇಕಾದ್ದು ನಾಲ್ಕಿದೆ ಎಂದರು. ಡ್ಯೂಟಿಯಲ್ಲಿದ್ದ ಡಾಕ್ಟರು ಸಿಟ್ಟಾಗಿ, "ಎಷ್ಟು ದಿನದಿಂದ ಹೋಗ್ತಿದೆ ಇವರಿಗೆ?" ಎಂದು ನನ್ನನ್ನು ಕೇಳಿದರು.

"ಇಲ್ಲ ಸ್ವಾಮಿ, ದಸರದಲ್ಲೇ ನಿಂತೋಯ್ತು. ಈಗ ತಿಂಗಳಿಗೆ ಸರಿಯಾಗಿ ಆಗ್ತಾಳೆ."

ಭಾಗ್ಯ ಕಣ್ಣು ಮುಚ್ಚಿಕೊಂಡೇ ಇದ್ದಳು. ತುಟಿ ಮಾತ್ರ ಅಲ್ಲಾಡಿತು.

"ನಿಂತಿರಲಿಲ್ಲ ಅತ್ತೆ."

"ಏನಂದೆ?"

"ಒಂದಿನಾನೂ ನಿಂತಿಲ್ಲ. ಒಳಗೆ ಬರಬೇಕಿತ್ತು, ಬಂದೆ."

ಡಾಕ್ಟರು ನಮ್ಮಿಬ್ಬರನ್ನೂ ನೋಡಿದರು. "ಈ ಕಡ್ಡಿಯಿಂದ ಎಲ್ಲರಿಗೂ ಹೀಗಾಗಲ್ಲಮ್ಮ. ಹೋಗೋದು ಸ್ವಲ್ಪವೇ. ಆದ್ರೆ ಇವರ ಮೈಯಲ್ಲಿ ಮೊದಲೇ ರಕ್ತ ಇರಲಿಲ್ಲ, ಅದರ ಮೇಲೆ ಹತ್ತು ತಿಂಗಳು. ಒಂದು ಮಾತು ಹೇಳಿದ್ರೆ ಮಾತ್ರೆ ಕೊಡ್ತಿದ್ರು, ತೆಗೀತಿದ್ರು. ಯಾಕೆ ಮುಚ್ಚಿಟ್ರಿ?" ಎಂದರು. ಅದಕ್ಕೆ ಉತ್ತರ ಹೇಳಬೇಕಾದವಳು ನಾನು.

ವೇಣು ರಕ್ತ ಕೊಟ್ಟ, ಅಕ್ಕಯಮ್ಮನ ಮಗ ಕೊಟ್ಟ. ಸ್ವಲ್ಪ ಚೇತರಿಸಿದ ಮೇಲೆ ಬೆಂಗಳೂರಿನಲ್ಲಿ ಕಡ್ಡಿ ತೆಗೆದರು. ಐದು ಸುಲಭವಾಗಿ ಬಂದವು. ಆರನೆಯದು ಮಾಂಸಕ್ಕೆ ಅಂಟಿಕೊಂಡು ಆಳಕ್ಕೆ ಇಳಿದಿತ್ತು, ಇನ್ನೊಂದು ಕಡೆ ಕೊಯ್ಯಬೇಕಾಯಿತು. ಆಪರೇಷನ್ನಿನ ಕಾಗದ ತಂದಾಗ ಭಾಗ್ಯ ಈ ಸಲ ನನ್ನ ಕಡೆ ತಿರುಗಲಿಲ್ಲ. ಪೆನ್ನು ಇಸಿದುಕೊಂಡು, ನಿಧಾನವಾಗಿ ಹೆಸರು ಬರೆದಳು.

ಬಾಣಂತನಕ್ಕೆ ಹೋಗುವ ಹಾಗೆ ನಮ್ಮ ತಾಲ್ಲೂಕಿನದೇ ಮಧುರೆ ಹಳ್ಳಿಗೆ, ಅವಳ ತಂದೆ ಅಪ್ಪಯ್ಯಣ್ಣನ ಮನೆಗೆ, ಎರಡು ಮಕ್ಕಳ ಜೊತೆ ಹೋದಳು. ಯುಗಾದಿ ಕಳೆದು ಕರೆತರಲು ನಾನೂ ವೇಣುವೂ ಹೋದೆವು. ಜಗಲಿಯ ಮೇಲೆ ಕೂತಿದ್ದಳು. ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಮೇಘನ ನನ್ನನ್ನು ಕಂಡು ನನ್ನ ಮಡಿಲಿಗೇ ಬಂದಳು, ಅವಳಿಗೆ ನಾನೇ ಹಾಲು ಕುಡಿಸಿದವಳು. ಭಾಗ್ಯ ಅದನ್ನು ನೋಡಿದಳು.

"ನಡಿ ತಾಯಿ, ಮನೆಗೆ ಹೋಗೋಣ," ಎಂದೆ.

"ಬರ್ತೀನಿ ಅತ್ತೆ. ನನಗೆ ಸುಳ್ಳು ಹೇಳೋ ಶಕ್ತಿ ಇನ್ನಿಲ್ಲ. ಮುಟ್ಟಾದ್ರೂ ನಾನು ಹೊರಗೆ ಕೂರಲ್ಲ. ಎಲ್ಲೂ ಬೇರೆ ಕೂರಲ್ಲ. ಆಗ್ಲಿ ಅನ್ನಿ, ಈಗ್ಲೇ ಹೊರಡ್ತೀನಿ."

ಅಪ್ಪಯ್ಯಣ್ಣ ಕೆಮ್ಮಿದರು. ವೇಣು ನನ್ನನ್ನೇ ನೋಡುತ್ತಿದ್ದ. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಅದೇ ಮಾತನ್ನು ಒಳಗೊಳಗೇ ಹೇಳಿಕೊಂಡು ಬಂದಿದ್ದೆ, ಇನ್ನು ನಿನಗೆ ಹಿತ್ತಲು ಬೇಡ ಎಂದು. ಆಗಲಿ ಎನ್ನಲು ಬಾಯಿ ತೆರೆದೆ.

"ಆಗ್ಲಿ ಕಣಮ್ಮ. ಅಡುಗೆಮನೆ, ನಡುಮನೆ ಎಲ್ಲ ನಿಂದೇ. ಮಗ್ಗದ ಕೋಣೆ ಒಂದು ಬಿಟ್ಟು..."

ಅದು ಹೇಗೆ ಬಂತೋ ಬಾಯಿಗೆ. ನಲವತ್ತು ವರ್ಷದ ಅಭ್ಯಾಸ. ಮಾತು ಮುಗಿಯುವ ಮುಂಚೆಯೇ ಭಾಗ್ಯ ಎದ್ದಳು. ಕೋಪವೇನೂ ಮಾಡಲಿಲ್ಲ. "ಬಿಸಿಲಲ್ಲಿ ಬಂದಿದ್ದೀರ, ಮಜ್ಜಿಗೆ ತರ್ತೀನಿ," ಎಂದು ಒಳಗೆ ಹೋದಳು. ಮಜ್ಜಿಗೆ ತಂದದ್ದು ಅವಳ ತಾಯಿ.

ವೇಣು ಎರಡು ತಿಂಗಳು ಎರಡು ಊರಿನ ನಡುವೆ ಓಡಾಡಿದ. ಆಮೇಲೆ ಒಂದು ಮಗ್ಗ ಬಿಚ್ಚಿ ಟೆಂಪೋದಲ್ಲಿ ಹಾಕಿಕೊಂಡು ಮಧುರೆಗೆ ಹೋದ. ಉಳಿದ ಮಗ್ಗಕ್ಕೆ ನಾನು ಕೂಲಿಯವರನ್ನಿಟ್ಟೆ. ಕೋಣೆಯ ನೆಲದಲ್ಲಿ ಇನ್ನೊಂದು ಮಗ್ಗದ ಬೋಲ್ಟಿನ ನಾಲ್ಕು ಗುಂಡಿ ಹಾಗೇ ಇದ್ದವು. ವರ್ಷವಾದ ಮೇಲೆ ಅನಿತಳನ್ನು ಶಾಲೆಗೆ ಸೇರಿಸುತ್ತಾರೆಂದು ತಿಳಿದು ನೋಡಲು ಹೋದೆ. ತಗಡಿನ ಶೆಡ್ಡಿನಲ್ಲಿ ಮಗ್ಗ ಓಡುತ್ತಿತ್ತು. ಭಾಗ್ಯ ಪಕ್ಕದಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು. ತಿಂಗಳ ಮೂವತ್ತು ದಿನವೂ ಸುತ್ತುತ್ತಾಳೆಂದು ಅವಳ ತಾಯಿ ಮೊದಲೇ ಹೇಳಿದ್ದರು. ನನ್ನನ್ನು ಕಂಡು ಎದ್ದು, ಚಾಪೆ ಹಾಸಿ ಕೂರಿಸಿ, ಮತ್ತೆ ರಾಟೆಗೆ ಹೋದಳು.

ಪಕ್ಕದಲ್ಲಿ ನೇಯ್ದು ಮಡಿಸಿದ ಸೀರೆಗಳಿದ್ದವು. ಮೇಲಿನದನ್ನು ಎತ್ತಿ ತೊಡೆಯ ಮೇಲೆ ಬಿಚ್ಚಿದೆ. ಎಲೆಹಸಿರು ಒಡಲು, ಕೆಂಪು ಅಂಚು. ಮೊಳ ಮೊಳವಾಗಿ ಬೆಳಕಿಗೆ ಹಿಡಿದು ನೋಡುತ್ತ ಹೋದೆ. ಎಳೆ ತಪ್ಪಿರಲಿಲ್ಲ, ಅಂಚು ಸೊಟ್ಟಗಿರಲಿಲ್ಲ, ಒಂದು ಗಂಟೂ ಮೇಲೆದ್ದಿರಲಿಲ್ಲ. ಸೆರಗಿನ ತನಕ ಹೋದ ಮೇಲೆ, ನಾನು ಅದರಲ್ಲಿ ಹುಡುಕುತ್ತಿದ್ದದ್ದು ಏನೆಂದು ನನಗೇ ಗೊತ್ತಾಯಿತು. ತಲೆ ಎತ್ತಿದೆ. ಭಾಗ್ಯ ರಾಟೆ ನಿಲ್ಲಿಸಿ ನನ್ನ ಕೈಗಳನ್ನೇ ನೋಡುತ್ತಿದ್ದಳು.