ಭಾವನ ತುಟಿ, ಕೆಂಪು ದೀಪ

ನನ್ನ ಅಕ್ಕನ ಗಂಡನಿಗೆ ಮಾತಿನಲ್ಲಿ ಬಹುವಚನ ಕೊಡುತ್ತೇನೆ, ಮನಸ್ಸಿನಲ್ಲಿ ಮಾತ್ರ ಏಕವಚನವೇ. ಹದಿನೆಂಟು ವರ್ಷದ ಹಿಂದೆ ಟಿವಿಯ ರಸಪ್ರಶ್ನೆ ಕಾರ್ಯಕ್ರಮವೊಂದಕ್ಕೆ ಹೋಗಿ ಕೊನೆಯ ಪ್ರಶ್ನೆಯಲ್ಲಿ ಸೋತು ಬಂದ. ಆಕ್ಟೋಪಸ್ಸಿಗೆ ಎಷ್ಟು ಹೃದಯ ಅಂತ ಪ್ರಶ್ನೆ. ಮೇಜಿನ ಮೇಲಿನ ಕೆಂಪು ದೀಪ ಆರುವುದರೊಳಗೆ ಉತ್ತರ ಹೇಳಬೇಕು. ತಾನು ‘ಮೂರು’ ಎಂಬ ಸರಿಯುತ್ತರ ಕೊಟ್ಟಾಗ ದೀಪ ಇನ್ನೂ ಉರಿಯುತ್ತಿತ್ತು, ಅವರು ಮೋಸ ಮಾಡಿದರು ಎಂಬುದು ಅವನ ವಾದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅವನ ವಾದಕ್ಕೆ ಸಾಕ್ಷಿ, ಪ್ರಸಾರವಾದ ದಿನ ಕಂಪ್ಯೂಟರಿಗೆ ಟಿವಿ ಕಾರ್ಡು ಸಿಕ್ಕಿಸಿ ಅವನೇ ಮಾಡಿಕೊಂಡ ರೆಕಾರ್ಡಿಂಗು. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಅದನ್ನೇ ಬಡಿಸುತ್ತಿದ್ದ.

ಹಳೆಯ ರೆಕಾರ್ಡಿಂಗುಗಳನ್ನು ಈಗಿನ ಟಿವಿ, ಫೋನುಗಳಲ್ಲಿ ಓಡುವಂತೆ ಬದಲಾಯಿಸಿ ಕೊಡುವುದು ನನ್ನ ಕಸುಬು. ತುಟಿ ಒಂದು ಕಡೆ, ಮಾತು ಒಂದು ಕಡೆ ಆದ ವಿಡಿಯೊ ನನ್ನ ಅಂಗಡಿಯಿಂದ ಇವತ್ತಿನವರೆಗೆ ಹೊರಗೆ ಹೋಗಿಲ್ಲ. ಅದೊಂದೇ ನನ್ನ ಆಸ್ತಿ.

ಕಳೆದ ತಿಂಗಳು ಭಾವ ಅಂಗಡಿಗೆ ಬಂದ. ಆಫೀಸಿನಲ್ಲಿ ಅವನ ಬೀಳ್ಕೊಡುಗೆಯಂತೆ, ದೊಡ್ಡ ಪರದೆಯ ಮೇಲೆ ಇದನ್ನು ತೋರಿಸಬೇಕಂತೆ. ತುಟಿ ಸ್ವಲ್ಪ ಹೊಂದುವುದಿಲ್ಲ, ಧ್ವನಿಯನ್ನು ಒಂದು ಸಲ ಹಿಂದಕ್ಕೆ ತಳ್ಳಿದರಾಯಿತು, ಐದು ನಿಮಿಷದ ಕೆಲಸ ಅಂತ ನನಗೇ ಪಾಠ ಹೇಳಿ ಹೋದ. ಅಲ್ಪವಿದ್ಯಾ ಮಹಾಗರ್ವಿ.

ಅದು ಒಂದು ಸಲ ತಳ್ಳಿದರೆ ಸರಿಹೋಗುವ ರೋಗವಲ್ಲ. ಮಹಾನುಭಾವ ಜಾಹೀರಾತು ಬಂದಾಗಲೆಲ್ಲ ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಶುರು ಮಾಡಿದ್ದ. ಪ್ರತಿ ಸಲವೂ ಚಿತ್ರ ತಕ್ಷಣ ಹಿಡಿದುಕೊಂಡಿದೆ, ಧ್ವನಿ ಕಾಲು ಸೆಕೆಂಡು ತಡವಾಗಿ ಎಚ್ಚೆತ್ತಿದೆ. ನಾಲ್ಕು ವಿರಾಮಗಳಲ್ಲಿ ಅಷ್ಟಷ್ಟು ಧ್ವನಿ ಕಳೆದುಹೋಗಿ, ಉಳಿದದ್ದು ಮುಂದಕ್ಕೆ ಸರಿದು, ಕೊನೆಯ ಹೊತ್ತಿಗೆ ಮಾತು ತುಟಿಗಿಂತ ಪೂರಾ ಒಂದು ಸೆಕೆಂಡು ಮೊದಲೇ ಕೇಳಿಸುತ್ತದೆ. ಪ್ರಶ್ನೆ ಕೇಳುವವನಿಗೆ ಮಾತುಮಾತಿಗೂ ಮೇಜು ಬಡಿಯುವ ಚಟವಿತ್ತು. ಅವನ ಅಂಗೈ ಮೇಜಿಗೆ ತಾಗುವ ಚಿತ್ರಕ್ಕೂ ಆ ಸದ್ದಿಗೂ ತಾಳೆ ಹಾಕಿ, ಐದು ತುಂಡುಗಳನ್ನೂ ಬೇರೆಬೇರೆಯಾಗಿ ಜೋಡಿಸಿದೆ. ಎರಡು ದಿನ ಹಿಡಿಯಿತು.

ಆಮೇಲೆ ಕೊನೆಯ ಪ್ರಶ್ನೆ ಹಾಕಿ ನೋಡಿದೆ. ಕೆಂಪು ದೀಪ ಆರಿತು. ಅದಾದ ಮೇಲೆ ಭಾವನ ಬಾಯಿ ತೆರೆಯಿತು. ‘ಮೂರು.’

ನಾನು ಒಬ್ಬನೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹದಿನೆಂಟು ವರ್ಷ ಊರಿಗೆಲ್ಲ ತೋರಿಸಿದ ಸಾಕ್ಷಿ, ತಾನೇ ಕೆಡಿಸಿಕೊಂಡ ರೆಕಾರ್ಡಿಂಗು! ಅಕ್ಕನಿಗೆ ಫೋನು ಮಾಡಿ ಹೇಳಿದೆ. ಅವಳು ನಗಲಿಲ್ಲ. ಮೊದಲು ಹೇಗಿತ್ತೋ ಹಾಗೇ ಕೊಟ್ಟುಬಿಡು ಅಂದಳು. ಕೆಟ್ಟ ಕೆಲಸ ನನ್ನ ಅಂಗಡಿಯಿಂದ ಹೋಗುವುದಿಲ್ಲ ಅಂತ ನಾನು ಫೋನಿಟ್ಟೆ. ನಿಜ ಹೇಳುತ್ತೇನೆ, ಕೆಲಸದ ಮೇಲಿನ ಮರ್ಯಾದೆಗಿಂತ ಅವನ ಮುಖ ನೋಡುವ ಆಸೆಯೇ ಹೆಚ್ಚಾಗಿತ್ತು.

ಭಾನುವಾರ ಅವರ ಮನೆಗೆ ಹೋದೆ. ಗೋಡೆಯ ಮೇಲೆ, ಭಾಗವಹಿಸಿದ್ದಕ್ಕೆ ಕೊಟ್ಟ ಪ್ರಮಾಣಪತ್ರಕ್ಕೆ ಟಿವಿಗಿಂತ ದೊಡ್ಡ ಚೌಕಟ್ಟು. ಭಾವನ ತಮ್ಮ, ಅವನ ಹೆಂಡತಿ ಎಲ್ಲ ಸೋಫಾದಲ್ಲಿ ಸಾಲಾಗಿ ಕೂತಿದ್ದರು. ಹಾಕಿದೆ. ತುಟಿಗೂ ಮಾತಿಗೂ ಕೂದಲೆಳೆಯಷ್ಟೂ ಅಂತರವಿಲ್ಲ. ದೀಪ ಆರಿತು. ‘ಮೂರು.’

ಭಾವ ರಿಮೋಟು ತೆಗೆದುಕೊಂಡು ಹಿಂದಕ್ಕೆ ಓಡಿಸಿ ನೋಡಿದ. ಮತ್ತೆ ನೋಡಿದ. ಮೂರನೆಯ ಸಲ ಎದ್ದು ಟಿವಿಯ ಹತ್ತಿರ ಹೋಗಿ ನಿಂತು ನೋಡಿದ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಅಕ್ಕನ ಕಡೆ ತಿರುಗಿದ.

“ನಾನೇ ತಡ ಮಾಡಿದ್ನೇನೇ?”

“ಇಲ್ಲ ರೀ,” ಅಂದಳು ಅಕ್ಕ. “ಇವನು ಸರಿಯಾಗಿ ಜೋಡಿಸಿಲ್ಲ. ಕೊನೇಲಿ ಕೆಡಿಸಿದಾನೆ.”

ಎಲ್ಲರೂ ನನ್ನನ್ನು ನೋಡಿದರು. ತುಟಿ ಎಷ್ಟು ಚೆನ್ನಾಗಿ ಕೂತಿದೆ ಅನ್ನುವುದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು, ಬೇಡಿಕೊಳ್ಳುವ ಹಾಗೆ.

“ಹೌದು ಭಾವ,” ಅಂದೆ. “ತಪ್ಪಾಗಿದೆ. ಸರಿಮಾಡಿ ಕೊಡ್ತೀನಿ.”

ಅವನಿಗೆ ಜೀವ ಬಂತು. ಜೀವದ ಹಿಂದೆಯೇ ನಾಲಿಗೆಯೂ ಬಂತು. ಯಾವ ಕೆಲಸವಾದರೂ ಶ್ರದ್ಧೆ ಬೇಕು, ನಿನ್ನನ್ನು ನಂಬಿ ಕೊಟ್ಟೆನಲ್ಲ ಅಂತ ಅರ್ಧ ಗಂಟೆ ಉಪದೇಶ ಮಾಡಿದ. ತಮ್ಮನ ಹೆಂಡತಿ, ತನ್ನ ತವರಿನ ಕ್ಯಾಸೆಟ್ಟುಗಳನ್ನು ಬೇರೆ ಕಡೆ ಕೊಡುತ್ತೇನೆ ಅಂದಳು. ನಾನು ತಲೆಯಾಡಿಸುತ್ತ ಕೂತೆ.

ಹೊರಡುವಾಗ ಅಕ್ಕ ಗೇಟಿನ ತನಕ ಬಂದಳು. ನನಗೆ ರೇಗಿತ್ತು. ನಿನ್ನ ಗಂಡನ ಜಂಬಕ್ಕೆ ನನ್ನ ಹೊಟ್ಟೆಪಾಡನ್ನು ಬಲಿ ಕೊಟ್ಟೆಯಲ್ಲ, ನಿಜ ಕಣ್ಣೆದುರಿಗಿದ್ದರೂ ನಿನಗೆ ಕಾಣಲಿಲ್ಲವಾ ಅಂತ ಕೇಳಿಯೇಬಿಟ್ಟೆ.

ಅವಳು ನನ್ನ ಅಂಗಿಯ ಕಾಲರು ಸರಿಮಾಡಿದಳು.

“ಅವತ್ತು ಸ್ಟುಡಿಯೋದಲ್ಲಿ ಮುಂದಿನ ಸಾಲಲ್ಲೇ ಕೂತಿದ್ದೆ ಕಣೋ,” ಅಂದಳು. “ದೀಪ ಆರಿದ್ದನ್ನ ನಾನು ಅವತ್ತೇ ನೋಡಿದೀನಿ.”